ಕುಟ್ಟಾಣಿಯ ಕಮಟು

ನನ್ನ ಬಾಯಲ್ಲಿ ಒಂದು ಹಲ್ಲೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನ ಹೊಲಸೆಲ್ಲ ನಡೆದದ್ದು ಇದರ ಮರೆಯಲ್ಲಿ. ಓದಿದ್ದು ಮೂರನೇ ಕ್ಲಾಸು. ಅಕ್ಷರ ಕೂಡಿಸಿ ಬರೆಯುತ್ತೇನೆ. ಚಂದ ಮಾಡಿ ಬರೆಯುವಂಥ ವಿಷಯವೂ ಇದಲ್ಲ.

ನಮ್ಮದು ಹೊನ್ನವಳ್ಳಿ ಕಡೆ. ಮಗ, ಸೊಸೆ, ಮೊಮ್ಮಗಳು, ನಾನು, ತೆಂಗಿನ ತೋಟ, ಒಂದು ಹಸು. ಸಕ್ಕರೆ ಕಾಯಿಲೆ ಅಂತ ತಿಪಟೂರಿನ ಡಾಕ್ಟರಮ್ಮ ಹೇಳಿದ ದಿನವೇ ಸೊಸೆ ಬೆಲ್ಲದ ಡಬ್ಬ ಎತ್ತಿಟ್ಟಳು. ಅಲ್ಲಿಯವರೆಗೆ ಕೊಬ್ಬರಿ ಬೆಲ್ಲ ನನಗೆ ಒಂದು ತಿಂಡಿ. ಆವತ್ತಿನಿಂದ ಅದು ಬಿಟ್ಟು ಇನ್ನೊಂದು ಯೋಚನೆ ಇಲ್ಲ. ಗಂಡ ಹೋದ ಸಂಕಟಕ್ಕೆ ತಿನ್ನುತ್ತೀರಾ ಅಂತ ಡಾಕ್ಟರಮ್ಮ ಮೆಲ್ಲಗೆ ಕೇಳಿದಳು. ಹೌದು ಅಂದೆ. ಸುಳ್ಳು. ಆ ಮನುಷ್ಯ ಇದ್ದಾಗಲೂ ಅವನ ತಟ್ಟೆಯ ಹೋಳಿಗೆ ಎತ್ತಿಕೊಂಡು ತಿಂದವಳು ನಾನು.

ಹಲ್ಲಿಲ್ಲದವಳು ಕೊಬ್ಬರಿ ತಿನ್ನುವುದು ಹೇಗೆ? ಕುಟ್ಟಾಣಿಯಲ್ಲಿ. ಎಲೆ ಅಡಿಕೆ ಕುಟ್ಟಿಕೊಳ್ಳುವುದಕ್ಕೆ ಮಗ ಜಾತ್ರೆಯಲ್ಲಿ ತಂದುಕೊಟ್ಟ ಕಬ್ಬಿಣದ ಕುಟ್ಟಾಣಿ. ಅದರೊಳಗೆ ಕೊಬ್ಬರಿ ಚೂರು, ಬೆಲ್ಲ ಹಾಕಿ ಕುಟ್ಟಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಬಾಯಿಗೆ ಹಾಕಿಕೊಂಡು ಒಸಡಿನಲ್ಲಿ ಚೀಪುವುದು. ಕೇಳಿಸಿಕೊಂಡವರಿಗೆಲ್ಲ ಮುದುಕಿ ಎಲೆ ಅಡಿಕೆ ಕುಟ್ಟುತ್ತಿದ್ದಾಳೆ, ಅಷ್ಟೆ. ದಿನಕ್ಕೆ ಹತ್ತು ಸಲ ಕುಟ್ಟಿದರೂ ಯಾರೂ ತಲೆ ಎತ್ತಿ ನೋಡಲಿಲ್ಲ.

ಬೆಲ್ಲಕ್ಕೆ ಪೆಟ್ಟಿಗೆ ಅಂಗಡಿಗೆ ಹೋಗುತ್ತಿದ್ದೆ. ಹಸು ಕರು ಹಾಕಿದೆ, ಅದಕ್ಕೆ ತಿನ್ನಿಸಬೇಕು ಅನ್ನುತ್ತಿದ್ದೆ. ನಾಲ್ಕನೆಯ ಸಲಕ್ಕೆ ಅಂಗಡಿಯವನು ತಕ್ಕಡಿ ಕೆಳಗಿಟ್ಟು, "ಅಜ್ಜಿ, ನಿಮ್ ಹಸಾ ವರ್ಸಕ್ಕೆ ಎಷ್ಟು ಸಲ ಕರು ಹಾಕ್ತೈತೆ? ನಮ್ಗೂ ಅದ್ರದ್ದೊಂದು ಕರು ಕೊಡಿ" ಅಂದ. ನಿಂತಿದ್ದವರು ನಕ್ಕರು. ನಾನೂ ನಕ್ಕೆ. ಮಾರನೆಯ ದಿನದಿಂದ ಪಕ್ಕದ ಹಳ್ಳಿಯ ಅಂಗಡಿಗೆ ನಡೆದೆ, ಬೆರಳಿನ ಸಂದಿ ಹುಣ್ಣಾಗಿದ್ದ ಕಾಲಿನಲ್ಲಿ. ಆ ಹುಣ್ಣು ನಾರುತ್ತಿತ್ತು. ಮೊಮ್ಮಗಳು ಹತ್ತಿರ ಬಂದು ಕೂತರೆ ಸೆರಗಿನೊಳಗಿನ ಬೆಲ್ಲ ಕಂಡೀತೆಂದು ಮಗುವನ್ನು ಗದರಿಸಿ ಅಟ್ಟುತ್ತಿದ್ದೆ. ಅಂಗೈ ಮೇಲೆ ಲಿಂಗ ಇಟ್ಟುಕೊಂಡು ಕೂತಾಗಲೂ ಮನಸ್ಸು ಕುಟ್ಟಾಣಿಯ ಹತ್ತಿರವೇ. ತಂಗಿಯ ಮಗಳ ಮದುವೆಗೆ ಕಾಲು ನೋವು ಅಂತ ಹೋಗಲಿಲ್ಲ. ಎರಡು ದಿನ ಎಲ್ಲರ ಕಣ್ಣೆದುರು ಇರಬೇಕಲ್ಲ, ಅದಕ್ಕೆ.

ಒಂದು ಮಧ್ಯಾಹ್ನ ನನ್ನ ಮೇಲೆ ನನಗೇ ವಾಕರಿಕೆ ಬಂದು, ಕುಟ್ಟಿದ್ದ ಮುದ್ದೆಯನ್ನು ಹಸುವಿನ ಕಲಗಚ್ಚಿನ ಬಾನಿಗೆ ಎಸೆದೆ. ಅಕ್ಕಿ ತೊಳೆದ ನೀರು, ಹುಳಿ ಬಂದ ಸಾರು, ತರಕಾರಿ ಸಿಪ್ಪೆ ತೇಲುವ ಬಾನಿ. ಒಳಗೆ ಹೋಗಿ ಮಲಗಿದೆ. ಸ್ವಲ್ಪ ಹೊತ್ತಿಗೆ ಎದ್ದು ಬಂದು ಮೊಣಕೈವರೆಗೆ ಕೈ ಇಳಿಬಿಟ್ಟು, ತಡಕಿ, ಮುದ್ದೆ ತೆಗೆದು, ಮೆತ್ತಿದ್ದ ಅನ್ನದಗುಳು ಒರೆಸಿ ತಿಂದೆ. ಹಸು ಮೂತಿ ಎತ್ತಿ ನೋಡುತ್ತಿತ್ತು. ಅದರ ಪಾಲನ್ನು ನಾನು ತಿನ್ನುತ್ತಿದ್ದೆ.

ಇಷ್ಟೇ ಆಗಿದ್ದರೆ ನನ್ನ ಹೊಟ್ಟೆ, ನನ್ನ ಕರ್ಮ ಅಂತ ಸುಮ್ಮನಿರಬಹುದಾಗಿತ್ತು. ಕೊಬ್ಬರಿ ಸುಲಿಯುವ ಕಾಲ ಬಂತು.

ವರ್ಷದ ಹತ್ತಿರ ಅಟ್ಟದಲ್ಲಿ ಒಣಗಿದ ಕಾಯಿಯನ್ನು ಕೆಳಗಿಳಿಸಿ, ಗಂಡಸರು ಮಟ್ಟೆ ಸುಲಿದು ಎಸೆಯುತ್ತಾರೆ. ಹೆಂಗಸರು ಶೆಡ್ಡಿನಲ್ಲಿ ಕೂತು ಕುಡುಗೋಲಿನ ಬೆನ್ನಿನಿಂದ ಚಿಪ್ಪು ಬಡಿದು, ಒಳಗಿನ ಉಂಡೆಯನ್ನು ಗಾಯವಾಗದಂತೆ ಇಡಿಯಾಗಿ ತೆಗೆಯಬೇಕು. ಉಂಡೆಗೆ ಏಟು ಬಿದ್ದರೆ ಅದು ಚೂರಿನ ಬುಟ್ಟಿಗೆ. ಕೈ ಇನ್ನೂ ಚೆನ್ನಾಗಿದೆ ಎಂದು ನಾನೂ ಅವರ ಜೊತೆ ಕೂರುತ್ತಿದ್ದೆ. ಕೂತು, ಬೇಕೆಂದೇ ಏಟು ತಪ್ಪಿಸಿ ಉಂಡೆ ಒಡೆಯುತ್ತಿದ್ದೆ. ನನ್ನ ರಾಶಿಯಲ್ಲಿ ಇದ್ದರೆ ತಿಳಿಯುತ್ತದಲ್ಲ. ಪಕ್ಕದವಳ ರಾಶಿಗೆ ತಳ್ಳಿ, ಚೂರಿನ ಬುಟ್ಟಿ ತುಂಬಿದ ಮೇಲೆ ಅದರಿಂದ ಹಿಡಿ ಹಿಡಿ ಸೆರಗಿಗೆ ಕಟ್ಟುತ್ತಿದ್ದೆ.

ಪಕ್ಕದಲ್ಲಿ ಕೂರುತ್ತಿದ್ದವಳು ಊರ ಕೊನೆಯ ಮನೆಯವಳು. ಮದುವೆಯಾಗಿ ಬಂದ ವರ್ಷದಿಂದ ನಮ್ಮಲ್ಲಿಗೆ ಬರುತ್ತಿದ್ದವಳು, ಈಗ ನಲವತ್ತು ದಾಟಿರಬೇಕು. ಅವಳ ಕೈಯಲ್ಲಿ ಉಂಡೆ ಒಡೆದದ್ದನ್ನು ನಾನು ಕಂಡಿಲ್ಲ. ಹಲ್ಲೂ ಅಷ್ಟೇ ಗಟ್ಟಿ, ಕಬ್ಬನ್ನು ಮೂತಿಯಲ್ಲೇ ಸಿಗಿಯುತ್ತಾಳೆ.

ಅವಳ ಮುಂದೆ ಒಡೆದ ಉಂಡೆ ಜಾಸ್ತಿ, ಬುಟ್ಟಿಯಲ್ಲಿ ಚೂರು ಕಡಿಮೆ. ಮಗ ಎರಡು ದಿನ ನೋಡಿದ. ಮೂರನೆಯ ದಿನ ಎಲ್ಲರ ಎದುರಿಗೆ, ಒಡೆದು ತಿನ್ನುವುದಾದರೆ ನಿಮ್ಮ ಮನೆಯಲ್ಲಿ ತಿನ್ನು, ನಾಳೆಯಿಂದ ಬರಬೇಡ ಎಂದ. ಅವಳು ನನ್ನ ಮುಖ ನೋಡಿದಳು. ನಾನು ಕುಟ್ಟಾಣಿ ಎತ್ತಿಕೊಂಡು ಕುಟ್ಟುತ್ತಾ ಕೂತೆ. ಅವಳು ಕುಡುಗೋಲನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಹೋದಳು.

ಈ ಕಡೆ ಇಂಥ ಮಾತು ಬೇಗ ಓಡುತ್ತದೆ. ಪಕ್ಕದ ತೋಟದವರೂ ಅವಳನ್ನು ಕರೆಯಲಿಲ್ಲ. ಕೈ ಸುದ್ದ ಇಲ್ಲ ಅಂದರು. ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತವಳನ್ನು ಕಂಡು, ಅವಳ ಜೊತೆ ಸುಲಿಯುತ್ತಿದ್ದ ಹೆಂಗಸರೇ, ಕೊಬ್ಬರಿ ತಿಂದು ಮೈ ಮಿಂಚ್ತೈತೆ ಅಂತ ಆಡಿಕೊಂಡರು ಎಂದು ಸೊಸೆ ಬಂದು ಹೇಳಿದಳು. ಹೇಳುವಾಗ ಸೊಸೆಗೂ ನಗು. ನಾನು ಎದ್ದು ಹಿತ್ತಿಲಿಗೆ ಹೋದೆ. ಹೋಗಿ ಅಳಲಿಲ್ಲ. ಅವಳನ್ನು ಓಡಿಸಿ ಉಳಿಸಿಕೊಂಡ ಚೂರನ್ನೇ ಕುಟ್ಟಿದೆ. ಬಾಯಿಗೆ ಹಾಕಿಕೊಂಡರೆ ಕಮಟು. ತಿಂಗಳಿಂದ ತೊಳೆಯದ ಕುಟ್ಟಾಣಿಯ ತಳದಲ್ಲಿ ಹಳೆಯ ಎಣ್ಣೆ, ಬೆಲ್ಲ ಕರಿಯಾಗಿ ಗಟ್ಟಿಯಾಗಿತ್ತು, ಅದರಲ್ಲೊಂದು ಇರುವೆಯ ಸಾಲು ಅಂಟಿಕೊಂಡು ಸತ್ತಿತ್ತು. ಇಷ್ಟು ದಿನ ಅದನ್ನೂ ತಿಂದಿದ್ದೆ. ಉಗಿದೆ. ಉಗಿದ ಮೇಲೂ ನಾಲಿಗೆ ಒಸಡಿನ ಸಂದಿ ತಡಕಿ ಉಳಿದದ್ದನ್ನು ಹುಡುಕುತ್ತಿತ್ತು. ಆ ನಾಲಿಗೆಯನ್ನು ಕಿತ್ತು ಬಿಸಾಡಬೇಕು ಅನ್ನಿಸಿತು.

ಮಾರನೆಯ ಬೆಳಿಗ್ಗೆ ಹೆಂಗಸರೆಲ್ಲ ಶೆಡ್ಡಿಗೆ ಬಂದ ಮೇಲೆ ಮಗನನ್ನು ಕರೆದೆ.

"ಕೊಬ್ರಿ ಒಡ್ದೋಳು ನಾನು ಕಣಪ್ಪ. ತಿಂದೋಳೂ ನಾನೇ."

ಅವನು ಮೊದಲು ಹೆಂಗಸರ ಕಡೆ ನೋಡಿದ. ಮುದುಕಿಗೆ ತಲೆ ಕೆಟ್ಟಿದೆ ಎಂದುಕೊಂಡರೆ ಏನು ಗತಿ ಎಂಬ ನಾಚಿಕೆ ಅವನಿಗೆ. "ನಿಂಗೆ ಹಲ್ಲೇ ಇಲ್ವಲ್ಲವ್ವ. ಅವ್ಳನ್ನ ಕರ್ಸಕ್ಕೆ ಹಿಂಗಂತೀಯ? ಒಳಿಕ್ಕೆ ನಡಿ" ಅಂದ.

ಕುಟ್ಟಾಣಿಯನ್ನು ಅವನ ಮೂಗಿಗೆ ಹಿಡಿದೆ. ಮುಖ ಹಿಂದಕ್ಕೆ ಎಳೆದುಕೊಂಡ. ಒಬ್ಬಳು ಹೆಂಗಸು ಬಗ್ಗಿ ನೋಡಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಯಾರೂ ನಗಲಿಲ್ಲ. ಮಗ ಗಾಡಿ ಹೊರಗೆ ತೆಗೆದ. ನಾನು ಹಿಂದೆ ಕೂತೆ.

ಅವಳು ಬಾಗಿಲಲ್ಲಿ ಸೊಪ್ಪು ಸೋಸುತ್ತಿದ್ದಳು. ಮಗ ತಪ್ಪಾಯ್ತು, ಬಾ ಎಂದ. ಅವಳು ಅವನಿಗೆ ತಲೆಯಾಡಿಸಿ ನನ್ನ ಕಡೆ ತಿರುಗಿದಳು.

"ನಂಗೊತ್ತಿತ್ತು ಅಮ್ಮಾರೆ. ದಿನಾ ಎಲೆ ಅಡ್ಕೆ ಕುಟ್ಟೋರ ನಾಲ್ಗೆ ಕೆಂಪಗಿರ್ಬೇಕಲ್ವಾ?"

ಹಾಗಾದರೆ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದೆ.

"ಯಾರು ನಂಬೋರು? ಹಲ್ಲಿರೋಳು ನಾನು."

ಬರುತ್ತೇನೆ ಎಂದಳು. ಆದರೆ ಒಂದು ಮಾತು: ಅವಳಿರುವಷ್ಟು ದಿನ ಸಂಜೆ ಹೋಗುವ ಮೊದಲು ಎಲ್ಲರ ಎದುರಿಗೆ ನಾನು ನಾಲಿಗೆ ತೋರಿಸಬೇಕು. ಮಗನಿಗೆ ಸಿಟ್ಟು ಬಂತು. ನಾನು ಆಗಲಿ ಎಂದೆ.

ಹೊಸ ಕುಟ್ಟಾಣಿ ತಂದರು. ಈಗ ಅದರಲ್ಲಿ ಎಲೆ, ಅಡಿಕೆ, ಸುಣ್ಣ. ಶೆಡ್ಡಿನೊಳಗೆ ಕೂರುವುದಿಲ್ಲ, ಹೊರಗೆ ಜಗಲಿ ಮೇಲೆ. ಒಳಗೆ ಚಿಪ್ಪು ಬಡಿಯುವ ಸದ್ದು ಕೇಳುತ್ತದೆ, ನನ್ನ ಬಾಯಿಂದ ಜೊಲ್ಲು ಸುರಿದು ಎದೆಯ ಮೇಲಿನ ಸೀರೆ ಒದ್ದೆಯಾಗುತ್ತದೆ. ಒರೆಸಿಕೊಳ್ಳುತ್ತೇನೆ. ಸಂಜೆ ಅವಳು ಕೈ ತೊಳೆದು ಬಂದು, "ಎಲ್ಲಿ, ತೋರ್ಸಿ" ಅನ್ನುತ್ತಾಳೆ. ದನದ ಡಾಕ್ಟರಿಗೆ ಹಸು ತೋರಿಸುವ ಹಾಗೆ ನಾಲಿಗೆ ಚಾಚುತ್ತೇನೆ. ಹೆಂಗಸರು ಸುತ್ತ ನಿಂತು ನೋಡುತ್ತಾರೆ.

ಮೊನ್ನೆ ಕೆಂಪಗಿರಲಿಲ್ಲ. ಮಧ್ಯಾಹ್ನ ಅವರೆಲ್ಲ ಊಟಕ್ಕೆ ಕೂತಾಗ ಒಳಗೆ ನುಗ್ಗಿ ಒಂದು ಉಂಡೆ ಒಡೆದು, ಎಲೆ ಅಡಿಕೆ ಬದಲು ಅದರ ಅರ್ಧ ಕುಟ್ಟಿ ತಿಂದಿದ್ದೆ. ಅವಳು ಬೈಯಲಿಲ್ಲ. ಬುಟ್ಟಿಯಿಂದ ಆ ಉಂಡೆಯ ಉಳಿದ ಅರ್ಧ ಎತ್ತಿ ನನ್ನ ಕೈಗೆ ಕೊಟ್ಟು, "ಇದು ನಾನ್ ಒಡ್ದಿದ್ದಲ್ಲ ಅಂತ ಅಯ್ಯಾರ್ಗೆ ನೀವೇ ಹೇಳ್ಬುಡಿ, ನಾನಿಲ್ಲೇ ನಿಂತಿರ್ತೀನಿ" ಅಂದಳು.

ಮಗ ಬೋರಿನ ಹತ್ತಿರ ಇದ್ದ. ಹೋಗಿ ಹೇಳಿದೆ. ಹೋಗುವ ದಾರಿಯುದ್ದಕ್ಕೂ ಕೈಯಲ್ಲಿದ್ದದ್ದನ್ನು ಮೂಸುತ್ತಲೇ ಹೋದೆ.