ಹೊಂಡಕ್ಕೆ ಬಿದ್ದ ಹೊಳೆಯ ಬಲೆ

ಕಲಾದಗಿಯ ಹೊರಗೆ, ಕಾಲುವೆ ನೀರು ಹೆಚ್ಚಾಗಿ ಸವಳು ಹಿಡಿದ ಹೊಲದಲ್ಲಿ ಎರಡು ಸೀಗಡಿ ಹೊಂಡಗಳಿವೆ. ಆ ನೆಲದಲ್ಲಿ ಜೋಳವೂ ಬರುವುದಿಲ್ಲ, ಕಬ್ಬೂ ಬರುವುದಿಲ್ಲ. ಬೇಸಿಗೆಯಲ್ಲಿ ಮಣ್ಣಿನ ಮೇಲೆ ಉಪ್ಪು ಬೆಳ್ಳಗೆ ಏಳುತ್ತದೆ. ಅಲ್ಲಿಯ ಬೋರಿನ ನೀರನ್ನು ಬಾಯಿಗೆ ಹಾಕಿಕೊಂಡವರು ಉಗಿಯುತ್ತಾರೆ, ಆದರೆ ಸೀಗಡಿಗೆ ಅದೇ ಹಿತ. ಈ ಹೊಂಡಗಳನ್ನು ಕಾಯುವವನು ಖಾಸಿಂಸಾಬ.

ಮೊದಲು ಅವನು ಘಟಪ್ರಭೆಯಲ್ಲಿ ಮೀನು ಹಿಡಿಯುತ್ತಿದ್ದ. ಅವನದೂ ಜಲಾಲುದ್ದೀನನದೂ ಒಂದೇ ದೋಣಿ. ಜಲಾಲ ಹುಟ್ಟು ಹಾಕಿದರೆ ಇವನು ಬಲೆ ಬೀಸುತ್ತಿದ್ದ. ಬಲ ಭುಜ ಏಳದಂತಾದ ಮೇಲೆ ಬಲೆ ಜಲಾಲನ ಕೈಗೆ ಹೋಯಿತು. ಅದೇ ವರ್ಷ ಹೆಂಡತಿ ಖುಶನುಮಾ ತೀರಿಕೊಂಡಳು. ಮಗಳು ಜಾಸ್ಮಿನ ಇಳಕಲ್ಲಿನಲ್ಲಿ ಗಂಡನ ಮನೆಯಲ್ಲಿದ್ದಳು. ಸೀಗಡಿ ಹೊಂಡದ ಮಾಲೀಕ, ಬಾಗಲಕೋಟೆಯ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ಗುರುರಾಜ, ಕೆಲಸಕ್ಕೆ ಕರೆದಾಗ ಖಾಸಿಂಸಾಬ ಕೂಡಲೇ ಒಪ್ಪಿದ. ಯಾಕೆ ಎಂದು ಕೇಳಿದವರಿಗೆ, "ಅಲ್ಲಿ ಸಪ್ಪಳಾದ್ರೂ ಇರತೈತಿ" ಎಂದ. ನೀರಿಗೆ ಗಾಳಿ ತುಂಬುವ ಚಕ್ರಗಳು ಅಲ್ಲಿ ಹಗಲು ರಾತ್ರಿ ಬಡಿಯುತ್ತಲೇ ಇರುತ್ತವೆ.

ಸಪ್ಪಳವಿತ್ತು, ಮನುಷ್ಯರಿರಲಿಲ್ಲ. ಹೊಂಡದಲ್ಲಿ ಸೀಗಡಿ ಇರುವಷ್ಟು ಕಾಲ ಹೊರಗಿನವರು ಒಳಗೆ ಬರುವಂತಿಲ್ಲ, ಖಾಸಿಂಸಾಬ ಹೊಳೆಗೆ ಹೋಗುವಂತಿಲ್ಲ. ಕಾಳುಕಡಿಯನ್ನೂ ಮೇವು ತರುವ ಗಾಡಿಯವನೇ ಗೇಟಿನಲ್ಲಿಟ್ಟು ಹೋಗುತ್ತಿದ್ದ. ಪ್ರತಿ ಶುಕ್ರವಾರ ನಮಾಜು ಮುಗಿಸಿ ಜಲಾಲ ಬರುತ್ತಿದ್ದ. ಅವನು ಬೇಲಿಯ ಆಚೆ, ಇವನು ಈಚೆ. ಚಕ್ರಗಳ ಸಪ್ಪಳದಲ್ಲಿ ಇಬ್ಬರೂ ಕೂಗಿಯೇ ಮಾತಾಡಬೇಕು.

"ಲೇ ಖಾಸಿಂ, ನಾ ಏನ್ ಹೊಲಸ ಮನಷ್ಯಾ ಏನಲೇ?"

"ನೀ ಅಲ್ಲೋ, ನಿನ್ನ ಹೊಳಿ ಏಡಿ. ಅದರ ಮೈಯಾಗ ಬಿಳಿ ಚುಕ್ಕಿ ರೋಗ ಇರತೈತಿ. ಅದು ಆರಾಮ ತಿರಗತೈತಿ. ನಮ್ಮ ಸೀಗಡಿಗೆ ತಗಲಿದ್ರ ವಾರದಾಗ ಹೊಂಡ ಖಲಾಸ್. ಔಷಧಾನೂ ಇಲ್ಲ."

"ನಿಮ್ಮ ಮಾಲಕ ಸೀಗಡಿ ಬೆಳಸ್ತಾನ, ಮನ್ಯಾಗ ಬದನಿಕಾಯಿ ತಿಂತಾನ. ನೀನೂ ಹಂಗ ಆಗಬ್ಯಾಡ ಮತ್ತ!"

ಖಾಸಿಂಸಾಬ ಕೆಮ್ಮು ಬರುವಷ್ಟು ನಗುತ್ತಿದ್ದ. ವಾರವಿಡೀ ಕೂಡಿಟ್ಟ ಮಾತನ್ನೆಲ್ಲ ಆ ಹೊತ್ತಿನಲ್ಲಿ ಆಡಿ ಮುಗಿಸುತ್ತಿದ್ದ.

ಹೋದ ಬೆಳೆಯಲ್ಲಿ ಒಂದು ಅಮಾವಾಸ್ಯೆಯ ಸುಮಾರಿಗೆ ಸೀಗಡಿಗಳು ಒಟ್ಟಿಗೇ ಚಿಪ್ಪು ಬಿಟ್ಟವು. ಬೆಳೆಯುವ ಸೀಗಡಿ ಹಳೆಯ ಚಿಪ್ಪನ್ನು ಕಳಚಲೇಬೇಕು. ಹೊಸದು ಗಟ್ಟಿಯಾಗುವವರೆಗೆ ಅದು ತಳದಲ್ಲಿ ಸುಮ್ಮನೆ ಬಿದ್ದಿರುತ್ತದೆ; ಉಳಿದವುಗಳ ಕಣ್ಣಿಗೆ ಬಿದ್ದರೆ ಅವೇ ಅದನ್ನು ತಿನ್ನುತ್ತವೆ. ಆ ಸಲ ಒಂದನೇ ಹೊಂಡದಲ್ಲಿ ಚಿಪ್ಪು ಗಟ್ಟಿಯಾಗಲೇ ಇಲ್ಲ. ನೀರೊಳಗೆ ಇಳಿಬಿಟ್ಟಿದ್ದ ಮೇವಿನ ತಟ್ಟೆಯನ್ನು ಎತ್ತಿ ನೋಡಿದಾಗ ಸೀಗಡಿಗಳ ಮೈ ನೆನೆದ ಕಾಗದದಂತೆ ಮೆತ್ತಗಿತ್ತು. ಕೆಲವು ಸತ್ತಿದ್ದವು. ಸವಳು ನೀರಿನಲ್ಲಿ ಉಪ್ಪಿದ್ದರೂ ಪೊಟ್ಯಾಷ್ ಕಡಿಮೆ, ದಿನಾ ಕಲಸಿ ಹಾಕಿರಿ ಎಂದು ಗುರುರಾಜ ಫೋನಿನಲ್ಲಿ ಹೇಳಿದ. ಖಾಸಿಂಸಾಬ ಹಾಕಿದ. ಮನಸ್ಸಿಗೆ ಮಾತ್ರ ಸಮಾಧಾನವಾಗಲಿಲ್ಲ.

ಆ ಶುಕ್ರವಾರ ಅವನು ನಗಲಿಲ್ಲ. "ತಟ್ಟಿಯೊಳಗ ಬರೂವು ನಾಕ. ತಳದಾಗ ಏನ್ ನಡದೈತಿ ಯಾರಿಗೆ ಗೊತ್ತು? ಬಲಿ ಒಗದು ನೋಡಿದ್ರ ತಿಳೀತಿತ್ತು. ಹೊಂಡದ ಬಲಿ ಇಲ್ಲೇ ಐತಿ. ಈ ಭುಜ ಏಳವಲ್ದು" ಎಂದ.

ಮರುದಿನ ಅವನು ಶೆಡ್ಡಿನಲ್ಲಿ ಪೊಟ್ಯಾಷ್ ಕಲಸುತ್ತಿದ್ದಾಗ ಗೇಟು ತೆರೆದದ್ದು ಕೇಳಿಸಲಿಲ್ಲ. ಬಕೆಟ್ಟು ಹಿಡಿದು ಹೊರಗೆ ಬಂದಾಗ ಜಲಾಲುದ್ದೀನ ಒಂದನೇ ಹೊಂಡದ ದಂಡೆಯ ಮೇಲೆ ನಿಂತಿದ್ದ. ಬಲೆ ಅವನ ಕೈ ಬಿಟ್ಟು ಗಾಳಿಯಲ್ಲಿತ್ತು. ಅದು ದುಂಡಗೆ ಬಿಚ್ಚಿಕೊಂಡು, ಅಂಚಿನ ಸೀಸದ ಗುಂಡುಗಳೆಲ್ಲ ಒಟ್ಟಿಗೆ ನೀರಿಗೆ ಬಿದ್ದವು. ಅದು ಹೊಂಡದ ಬಲೆಯಲ್ಲ, ಏಡಿಗಳೂ ಬೀಳುವ, ಮುಂಜಾನೆಯಷ್ಟೇ ಹೊಳೆಯಿಂದ ಎತ್ತಿದ ಬಲೆ; ಅವನ ಹೆಗಲ ಮೇಲೆ ಇನ್ನೂ ಪಾಚಿ ಅಂಟಿತ್ತು.

"ಬಾ ಬಾ! ಏಡಿ ಎಲ್ಲಾ ಝಾಡಿಸೇ ತಂದೇನಿ. ನೋಡ, ಎಷ್ಟು ಜಿಗೀತಾವ! ನಿನ್ನೆ ನಿನ್ನ ಮಾರಿ ನೋಡಿ ನನಗ ಅನ್ನ ಸೇರಲಿಲ್ಲೋ" ಎಂದು ಜಲಾಲ ಬಲೆ ಎಳೆಯುತ್ತ ಕೂಗಿದ.

ಖಾಸಿಂಸಾಬ ಬಕೆಟ್ಟು ಕೆಳಗಿಟ್ಟ. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ರೋಗ ಬಂದಿದ್ದರೆ ಇದೇ ತಟ್ಟೆ, ಇದೇ ಬಕೆಟ್ಟಿನಿಂದ ಎರಡನೇ ಹೊಂಡಕ್ಕೂ ಹೋಗುತ್ತದೆ. ಅವನು ಫೋನು ತೆಗೆದ. ಚಕ್ರಗಳ ಸಪ್ಪಳದಲ್ಲಿ ಕೇಳಲೆಂದು ಯಾವಾಗಲೂ ಮಾಡುವಂತೆ ಸ್ಪೀಕರ್ ಹಾಕಿದ.

"ಸರ್, ಒಂದನೇ ಹೊಂಡಕ್ಕ ಹೊಳಿ ಬಲಿ ಬಿತ್ರಿ."

"ಹೊಳಿ ಬಲಿ? ಯಾರು ಒಗದ್ರು?"

"ಜಲಾಲುದ್ದೀನ್ರಿ. ನನ್ನ ದೋಸ್ತ."

"ಅವರನ್ನ ಮೊದಲ ಹೊರಗ ಕಳಸ್ರಿ. ಇನ್ನ ಗೇಟಿನ ಹತ್ರಾನೂ ಬರೂದು ಬ್ಯಾಡ. ಎರಡನೇದರ ಸಾಮಾನು ಬ್ಯಾರೆ ಇಡ್ರಿ. ನಾ ಈಗ ಹೊರಟೆ."

ಜಲಾಲ ಎಲ್ಲವನ್ನೂ ಕೇಳಿಸಿಕೊಂಡ. ಬಲೆಯೊಳಗಿನ ಸೀಗಡಿಗಳನ್ನು ಒಂದೊಂದಾಗಿ ಬಿಡಿಸಿ ನೀರಿಗೆ ಬಿಟ್ಟ. ಬಲೆ ಹಿಂಡಿ ಹೆಗಲಿಗೆ ಹಾಕಿಕೊಂಡು ಗೇಟು ದಾಟಿ ಹೋದ.

ಗುರುರಾಜ ಸೀಗಡಿಗಳನ್ನು ಪರೀಕ್ಷೆಗೆ ಕಳಿಸಿದ. ರೋಗವಿರಲಿಲ್ಲ. ಮತ್ತೊಮ್ಮೆ ಕಳಿಸಿದ, ಆಗಲೂ ಇರಲಿಲ್ಲ. ಪೊಟ್ಯಾಷ್ ಮೈಗೆ ಹತ್ತಿ ಚಿಪ್ಪುಗಳು ಗಟ್ಟಿಯಾದವು, ಬೆಳೆ ಚೆನ್ನಾಗಿ ಬಂತು. "ಆವತ್ತು ಹೇಳಿದ್ದು ಛಲೋ ಆತು, ಖಾಸಿಂಸಾಬ್" ಎಂದು ಗುರುರಾಜ ಅವನ ಬೆನ್ನು ತಟ್ಟಿದ. ಶುಕ್ರವಾರಗಳಂದು ಖಾಸಿಂಸಾಬ ಬೇಲಿಯ ಹತ್ತಿರ ಹೋಗಿ ನಿಲ್ಲುತ್ತಿದ್ದ. ಯಾರೂ ಬರುತ್ತಿರಲಿಲ್ಲ. ಜಲಾಲನ ಫೋನು ರಿಂಗಾಗಿ ರಿಂಗಾಗಿ ನಿಲ್ಲುತ್ತಿತ್ತು.

ಸೀಗಡಿ ತೆಗೆದ ಮೇಲೆ ಹೊಂಡಗಳನ್ನು ಬತ್ತಿಸಿ ತಳ ಬಿರಿಯುವವರೆಗೆ ಒಣಗಿಸಿದರು. ಈಗ ಖಾಸಿಂಸಾಬನಿಗೆ ಹೊಳೆಗೆ ಹೋಗಲು ಅಡ್ಡಿಯಿರಲಿಲ್ಲ. ಎರಡು ಸಲ ಹೋದ, ಎರಡೂ ಸಲ ದಂಡೆಯಲ್ಲಿ ದೋಣಿ ಇರಲಿಲ್ಲ. ಆಮೇಲೆ ಹೋಗಲು ಕಾಲೇಳಲಿಲ್ಲ. ಹೊಂಡಕ್ಕೆ ಮತ್ತೆ ನೀರು ತುಂಬಿ, ಆಂಧ್ರದಿಂದ ಸೀಗಡಿ ಮರಿಗಳ ಗಾಡಿ ಹೊರಟ ದಿನ ಸಂಜೆ ಕಡೆಯ ಸಲವೆಂದು ಹೋದ. ಜಲಾಲುದ್ದೀನ ದೋಣಿಯ ಹಗ್ಗ ಬಿಚ್ಚುತ್ತಿದ್ದ.

"ರೋಗ ಬರಲಿಲ್ಲ" ಎಂದ ಖಾಸಿಂಸಾಬ.

"ಕೇಳೇನಿ."

"ಹೇಳದ ಇರಾಕ ಬರತಿರಲಿಲ್ಲ, ಜಲಾಲ."

"ಹೇಳಬ್ಯಾಡ ಅಂತ ನಾ ಅಂದ್ನೇನು? ಮೊದಲ ನನಗ ಎರಡ ಬೈದು, ಆಮ್ಯಾಲ ಫೋನ ಮಾಡಬೇಕಿತ್ತು. ಬಲಿ ಹಿಡಕೊಂಡು ಕಳ್ಳನಂಗ ನಿಂತಿದ್ದೆ ನಾ, ನಿನ್ನ ಮುಂದ."

ಖಾಸಿಂಸಾಬ ದೋಣಿಯ ಅಂಚು ಹಿಡಿದು ನಿಂತ. "ನಾನೂ ಬರಲೇನು?" ಎಂದ.

ಜಲಾಲ ನೀರಿನ ಕಡೆ ನೋಡಿದ. "ಇವತ್ತ ಬ್ಯಾಡ. ಮನಸ್ಸಿಲ್ಲ. ನಾಳಿ ಬಾ."

ನಾಳೆ ಮುಂಜಾನೆ ಮರಿಗಳು ಬಂದಿಳಿದರೆ, ಅವು ಬೆಳೆದು ಹೊಂಡ ಖಾಲಿಯಾಗುವವರೆಗೆ ತಾನು ಇತ್ತ ಕಾಲಿಡುವಂತಿಲ್ಲ ಎಂದು ಖಾಸಿಂಸಾಬ ಹೇಳಲಿಲ್ಲ. "ಆತು" ಎಂದ. ಎಡ ಭುಜ ಕೊಟ್ಟು ದೋಣಿಯನ್ನು ನೀರಿಗೆ ನೂಕಿದ.