ಡ್ರಮ್ಮಿನ ರೈಲು, ಡೆಲ್ಬರ್ಟನ ತಗಡು

ಬೆಂಕಿ ಕಂಡರೆ ಮಕ್ಕಳು ಓಡುವುದಿಲ್ಲ, ಅಡಗುತ್ತಾರೆ. ನಮ್ಮ ಎದುರು ಮನೆಯ ಡೆಲ್ಬರ್ಟ್ ವೆಸೆಲ್ ಈ ಮಾತನ್ನು ಎಷ್ಟು ಸಲ ಹೇಳಿದ್ದಾನೋ ಲೆಕ್ಕವಿಲ್ಲ. ಊರಿನ ಅಗ್ನಿಶಾಮಕ ದಳದಲ್ಲಿ ಬಿಟ್ಟಿ ಚಾಕರಿ ಮಾಡುತ್ತಲೇ ತಲೆ ನರೆಸಿಕೊಂಡವನು ಅವನು. ದಳಕ್ಕೆ ಹೊಸದಾಗಿ ಸೇರಿದವರಿಗೆ, ಮೊದಲು ಮಂಚದ ಕೆಳಗೆ ನೋಡಿ, ಬೀರು ತೆರೆದು ನೋಡಿ, ಕಣ್ಣಿಗೆ ಕಾಣದಿದ್ದರೆ ಕೈಯಾಡಿಸಿ ನೋಡಿ ಎಂದು ಕಲಿಸುತ್ತಿದ್ದ. ಅದನ್ನು ಅವನು ಯಾವ ಮನೆಯಲ್ಲಿ ಕಲಿತ ಎಂದು ನಾವು ಯಾರೂ ಕೇಳಿದವರಲ್ಲ. ಕೇಳುವ ಧೈರ್ಯ ನನಗಂತೂ ಇಲ್ಲ.

ಅಂಥವನೇ ನಮ್ಮೂರ ಮಕ್ಕಳ ರೈಲು ಓಡಿಸುವವನು. ಅಯೋವಾದ ನಮ್ಮ ಹಾಲ್‌ಬ್ರೂಕಿನಲ್ಲಿ ಜುಲೈ ನಾಲ್ಕರ ಸ್ವಾತಂತ್ರ್ಯ ದಿನದ ಮೆರವಣಿಗೆಗೆ ಬ್ಯಾಂಡು ಇಲ್ಲದಿದ್ದರೂ ನಡೆದೀತು, ಆ ರೈಲು ಇಲ್ಲದೆ ನಡೆಯದು. ಪ್ಲಾಸ್ಟಿಕ್ ಡ್ರಮ್ಮುಗಳನ್ನು ಅಡ್ಡ ಮಲಗಿಸಿ, ಮೇಲ್ಗಡೆ ಒಂದು ಮಗು ಇಳಿದು ಕೂರುವಷ್ಟು ಕತ್ತರಿಸಿ, ಕೆಳಗೆ ಚಕ್ರ ಜೋಡಿಸಿ, ಹಸುವಿನ ಹಾಗೆ ಬಿಳಿ ಕಪ್ಪು ಬಣ್ಣ ಬಳಿದು, ಒಂದರ ಹಿಂದೊಂದು ಕೊಕ್ಕೆ ಹಾಕಿದ್ದಾನೆ. ಎಳೆಯುವುದು ಅವನಪ್ಪನ ಕಾಲದ ಪುಟ್ಟ ಟ್ರ್ಯಾಕ್ಟರು; ಹಿತ್ತಲ ಹುಲ್ಲು ಕತ್ತರಿಸಲು, ತರಕಾರಿ ಮಡಿ ಉಳಲು ಇಟ್ಟುಕೊಳ್ಳುತ್ತಾರಲ್ಲ, ಅಂಥದ್ದು. ಕೊನೆಯ ಡ್ರಮ್ಮು ನನ್ನ ಮೊಮ್ಮಗಳು ಕೊರಿನ್‌ಳದು. ಬೇರೆ ಯಾರಾದರೂ ಅದರಲ್ಲಿ ಕೂತರೆ ಮುಂದಿನ ಬೀದಿಗೂ ಕೇಳುವ ಹಾಗೆ ಅರಚುತ್ತಾಳೆ.

ಕಳೆದ ಚಳಿಗಾಲದಲ್ಲಿ ಆ ಟ್ರ್ಯಾಕ್ಟರಿನ ಇಂಜಿನ್ನು ಸತ್ತಿತು. ಡೆಲ್ಬರ್ಟ್ ಚೀನಾದಲ್ಲಿ ತಯಾರಾದ ಹೊಸ ಇಂಜಿನ್ನು ತರಿಸಿ ಕೂರಿಸಿದ. ನಮ್ಮೂರ ಗಂಡಸರಿಗೆ ಇದು ಸಣ್ಣ ಅಪರಾಧವಲ್ಲ. ಹಳೆಯ ಟ್ರ್ಯಾಕ್ಟರಿಗೆ ಹೊಸ ಬೋಲ್ಟು ಹಾಕಿದರೂ ಜಾತಿ ಕೆಟ್ಟಿತು ಎನ್ನುವ ಪೈಕಿ ಅವರು. ಬೆಳಿಗ್ಗೆ ಧಾನ್ಯದ ಗೋದಾಮಿನ ಕಾಫಿ ಮೇಜಿನಲ್ಲಿ ಅವರಲ್ಲೊಬ್ಬನಾದ ಗೇಲನ್ ಡೈಕ್‌ಹೌಸ್ ಎಲ್ಲರೆದುರೇ ಕೇಳಿದನಂತೆ: "ಮೈ ನಿಮ್ಮಪ್ಪಂದು, ಹೊಟ್ಟೆ ಚೀನಾದ್ದು. ಮೆರವಣಿಗೇಲಿ ಯಾವ ಬಾವುಟ ಹಿಡೀತೀಯೋ?"

ಡೆಲ್ಬರ್ಟ್ ನಕ್ಕು ಮನೆಗೆ ಬಂದ. ಬಂದವನೇ ಎರಡು ತಗಡು ಕತ್ತರಿಸಿ, ತಟ್ಟಿ ಬಗ್ಗಿಸಿ, ಬಾನೆಟ್ಟಿನ ಎರಡೂ ಪಕ್ಕಕ್ಕೆ ಸೆರಗು ಹೊದಿಸಿದ ಹಾಗೆ ಮುಚ್ಚಿ, ಅದೇ ಹಳೆಯ ಕೆಂಪು ಬಣ್ಣ ಬಳಿದ. ಈಗ ಬಗ್ಗಿ ನೋಡಿದರೂ ಒಳಗಿನ ಇಂಜಿನ್ನು ಕಾಣುತ್ತಿರಲಿಲ್ಲ.

ಜೂನಿನಲ್ಲಿ ಮೊದಲ ಸಲ ರಸ್ತೆಗಿಳಿಸಿದಾಗ ಸುಟ್ಟ ವಾಸನೆ ಬಂತು. ಎರಡನೆಯ ಸಲ ಬಾನೆಟ್ಟಿನ ಬಣ್ಣ ಬೊಬ್ಬೆ ಎದ್ದಿತು. ಅವನು ಎಣ್ಣೆ ಬದಲಿಸಿದ, ಕಾರ್ಬೊರೇಟರು ಬಿಚ್ಚಿ ಸರಿ ಮಾಡಿದ, ಇಂಜಿನ್ನಿನ ಮೈಯ ಸಂದುಗಳಿಗೆ ಗಾಳಿ ಹೊಡೆದು ಕಸ ತೆಗೆದ. ಶೆಡ್ಡಿನಲ್ಲಿ ತಗಡು ಬಿಚ್ಚಿ ಗೋಡೆಗೆ ಒರಗಿಸಿ, ಬೆಳಗಿನಿಂದ ಊಟದ ಹೊತ್ತಿನವರೆಗೆ ಓಡಿಸಿದರೂ ಇಂಜಿನ್ನು ತಣ್ಣಗಿರುತ್ತಿತ್ತು. ತಗಡು ಹಾಕಿ, ರೈಲು ಕಟ್ಟಿ, ಸ್ಮಶಾನದ ದಿಬ್ಬ ಹತ್ತಿಸಿದರೆ ಕಾದು ಕೆಂಡ. ಡ್ರಮ್ಮುಗಳ ಹೊರೆ ತಡೆಯುತ್ತಿಲ್ಲ ಎಂದು ಅವನು ತೀರ್ಮಾನಿಸಿದ. ಹೊರೆಯನ್ನು ಕಡಿಮೆ ಮಾಡುವುದು ಹೇಗೆ? ಯಾವ ಮಗುವಿಗೆ ಬೇಡ ಅನ್ನುವುದು?

ಇಂಜಿನ್ನಿನ ಬೆನ್ನಿಗೇ ಪೆಟ್ರೋಲ್ ಟ್ಯಾಂಕಿದೆ. ಅದರ ಹಿಂದೆ ಡೆಲ್ಬರ್ಟ್. ಅವನ ಹಿಂದೆ ಡ್ರಮ್ಮಿಗೊಂದು ಮಗು. ಅವನ ಹೆಂಡತಿ ಆರ್ಡಿಸ್ ಒಂದು ಬೆಳಿಗ್ಗೆ ನನ್ನ ಅಡುಗೆಮನೆಯಲ್ಲಿ ಕೂತು, ಮುಂದಿಟ್ಟ ಸೇಬಿನ ಪೈ ಮುಟ್ಟದೆ ಹೇಳಿದಳು: "ನಿದ್ದೇಲಿ ಎದ್ದು ಕೂತ್ಕೊಂಡು ಡ್ರಮ್ಮು ಎಣಿಸ್ತಾನೆ, ವರ್ನಾ. ಒಂದು ಕಮ್ಮಿ ಬರುತ್ತಂತೆ."

ನಾನು ತಡೆಯಲಾರದೆ ಶೆಡ್ಡಿಗೆ ಹೋಗಿ, ಈ ವರ್ಷ ಗೇಲನ್ ತನ್ನ ಟ್ರ್ಯಾಕ್ಟರಿನಲ್ಲಿ ಎಳೆಯಲಿ ಬಿಡು ಎಂದೆ. ಡೆಲ್ಬರ್ಟ್ ಸ್ಪ್ಯಾನರ್ ಒರೆಸುತ್ತಾ ತಲೆಯಾಡಿಸಿದ.

"ಗೇಲನ್ ಹಿಂದೆ ತಿರುಗಿ ನೋಡಲ್ಲ" ಎಂದ.

ಅದು ನಿಜ. ಡೆಲ್ಬರ್ಟ್ ಮುಂದೆ ನೋಡಿದ್ದಕ್ಕಿಂತ ಹಿಂದೆ ನೋಡಿದ್ದೇ ಹೆಚ್ಚು. ನಾನು ಮನೆಗೆ ಬಂದೆ, ಆದರೆ ಹೆದರಿಕೆ ನನ್ನ ಜೊತೆಗೇ ಬಂತು.

ಮೆರವಣಿಗೆಯ ಹಿಂದಿನ ದಿನ ಮಧ್ಯಾಹ್ನ ಅವನು ಡ್ರಮ್ಮಿಗೊಂದು ಜೋಳದ ಮೂಟೆ ಇಟ್ಟು, ಮಕ್ಕಳ ತೂಕ ಸರಿದೂಗಿಸಿ, ಕಡೆಯ ಪರೀಕ್ಷೆಗೆ ಹೊರಟ. ಆರ್ಡಿಸ್ ಮತ್ತು ನಾನು ಕಾರಿನಲ್ಲಿ ಹಿಂದೆ ಹೋದೆವು. ನನ್ನ ತೊಡೆಯ ಮೇಲೆ ಬೆಂಕಿ ಆರಿಸುವ ಸಿಲಿಂಡರು ಇತ್ತು. ದಿಬ್ಬದ ನಡುವೆ ಬಾನೆಟ್ಟಿನ ಸಂದಿನಿಂದ ಹೊಗೆ ಎದ್ದಿತು. ಆಮೇಲೆ ಬಲಗಡೆಯ ತಗಡಿನ ಕೆಳಗೆ ಹಳದಿ ನಾಲಿಗೆಯೊಂದು ಹೊರಗೆ ಚಾಚಿತು.

ಡೆಲ್ಬರ್ಟ್ ಇಂಜಿನ್ನು ಆರಿಸಿ ಹಾರಿದ. ಬೆಂಕಿಯ ಕಡೆಗೆ ಓಡಲಿಲ್ಲ. ಡ್ರಮ್ಮುಗಳ ಕಡೆಗೆ ಓಡಿದ. ಮೊದಲನೆಯದಕ್ಕೆ ಎರಡೂ ಕೈ ಇಳಿಸಿದ, ಮೂಟೆಯನ್ನು ಸರಿಸಿ ತಳದವರೆಗೂ ತಡಕಿದ, ಎರಡನೆಯದಕ್ಕೆ ಓಡಿದ. ಯಾರೂ ಇಲ್ಲ ಡೆಲ್ಬರ್ಟ್, ಬರೀ ಜೋಳ ಎಂದು ನಾನು ಕೂಗಿದ್ದು ಅವನಿಗೆ ಕೇಳಿಸಲೇ ಇಲ್ಲ. ಅವನ ಮುಖ ನೋಡಿ ನನಗೆ ಬೆಂಕಿಗಿಂತ ಹೆಚ್ಚು ಭಯವಾಯಿತು. ಆರ್ಡಿಸ್ ಬೂಟುಗಾಲಿನಲ್ಲಿ ತಗಡುಗಳನ್ನು ಒದ್ದು ಚರಂಡಿಗೆ ಕೆಡವಿದಳು. ನಾನು ಸಿಲಿಂಡರಿನ ಬಿಳಿ ಪುಡಿಯನ್ನೆಲ್ಲ ಸುರಿದೆ. ಬೆಂಕಿ ಆರಿತು. ಅವನು ಇನ್ನೂ ಕೊನೆಯ ಡ್ರಮ್ಮಿನಲ್ಲಿ ಕೈಯಾಡಿಸುತ್ತಿದ್ದ.

ಸೈಲೆನ್ಸರಿಗೆ ಅಂಟಿದ ಒಣಹುಲ್ಲು ಹೊತ್ತಿಕೊಂಡಿತ್ತು, ಅಷ್ಟೇ. ಎಲ್ಲ ತಣ್ಣಗಾಗುವವರೆಗೆ ಹುಲ್ಲಿನ ಮೇಲೆ ಕೂತೆವು. ಡೆಲ್ಬರ್ಟ್ ಪುಡಿಯನ್ನೆಲ್ಲ ಒರೆಸಿ ತೆಗೆದು, ಸುಟ್ಟ ತಂತಿಗೆ ಟೇಪು ಸುತ್ತಿ ಇಂಜಿನ್ನು ಚಾಲೂ ಮಾಡಿದ. ಆ ಸಪೂರ ರಸ್ತೆಯಲ್ಲಿ ರೈಲನ್ನು ತಿರುಗಿಸಲು ಜಾಗವಿರಲಿಲ್ಲ, ದಿಬ್ಬ ಹತ್ತಲೇಬೇಕಿತ್ತು. ನಾವು ಹಿಂದೆ ನಡೆದೆವು. ಹೊಗೆ ಬರಲಿಲ್ಲ, ವಾಸನೆಯೂ ಬರಲಿಲ್ಲ. ಮೇಲೆ ತಲುಪಿದಾಗ ಅವನು ಬಾನೆಟ್ಟಿನ ಮೇಲೆ ಅಂಗೈ ಊರಿ ನಿಂತ. ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ.

"ಹೊರೆ ಅದೇ, ದಿಬ್ಬ ಅದೇ" ಎಂದಳು ಆರ್ಡಿಸ್. "ಕೆಳಗೆ ಬಿಟ್ಟು ಬಂದಿದ್ದು ತಗಡು ಮಾತ್ರ."

ಅವನು ಇಂಜಿನ್ನಿನ ಪಕ್ಕಕ್ಕೆ ಕೈ ಹಿಡಿದ. ಬಿಸಿಗಾಳಿ ಅಲ್ಲಿಂದ ಬುಸುಗುಟ್ಟಿ ಹೊರಗೆ ಬರುತ್ತಿತ್ತು. ಅಷ್ಟು ದಿನ ಅದಕ್ಕೆ ಹೋಗಲು ದಾರಿಯಿರಲಿಲ್ಲ; ತಗಡಿಗೆ ಬಡಿದು ಒಳಗೇ ಸುತ್ತುತ್ತಿತ್ತು, ತಣಿಸುವ ಫ್ಯಾನು ಮತ್ತೆ ಅದನ್ನೇ ಎಳೆದು ಇಂಜಿನ್ನಿಗೆ ಊದುತ್ತಿತ್ತು. ಇಲಿಗೆ ಹೆದರಿ ಮನೆಗೆ ಬೆಂಕಿ ಇಟ್ಟರು ಅನ್ನುತ್ತಾರಲ್ಲ, ಗೇಲನ್‌ನ ಒಂದು ಮಾತಿಗೆ ಹೆದರಿದ್ದಕ್ಕೆ ಇಷ್ಟೆಲ್ಲ.

"ಮುಚ್ಚಿದ್ದು ನಾನೇ" ಎಂದ ಡೆಲ್ಬರ್ಟ್. ಚರಂಡಿಯ ತಗಡು ತರಲು ಅವನು ಹೋಗಲಿಲ್ಲ.

ಮರುದಿನ ಟ್ರ್ಯಾಕ್ಟರು ಬೆತ್ತಲೆ ಪಕ್ಕೆಗಳಲ್ಲೇ ಬೀದಿಗೆ ಬಂತು. ಹೊಸ ಇಂಜಿನ್ನು ಇಡೀ ಊರಿಗೆ ಕಾಣುತ್ತಿತ್ತು. ಅಂಚೆ ಕಚೇರಿಯ ಮುಂದೆ ಗೇಲನ್, ಏನೋ ಡೆಲ್ಬರ್ಟ್, ಅಂಗಿ ಮರೆತು ಬಂದ್ಯಾ ಎಂದು ಕೂಗಿದ, ಸುತ್ತಲಿನವರು ನಕ್ಕರು. ಡೆಲ್ಬರ್ಟ್ ಅವನತ್ತ ತಿರುಗಲೇ ಇಲ್ಲ. ಒಮ್ಮೆ ಇಂಜಿನ್ನು, ಒಮ್ಮೆ ಹಿಂದಿನ ಡ್ರಮ್ಮುಗಳು, ಅವನ ಕಣ್ಣು ಅಷ್ಟರಲ್ಲೇ ಓಡಾಡುತ್ತಿತ್ತು. ಕೊರಿನ್‌ಳ ಪಕ್ಕದಲ್ಲಿ ನಾನು ಉದ್ದಕ್ಕೂ ನಡೆದೆ. ಯಾರೋ ಪಟಾಕಿ ಹಚ್ಚಿದಾಗಲೆಲ್ಲ ನನ್ನ ಜೀವ ಹೋಗಿ ಬರುತ್ತಿತ್ತು.

ಏನೂ ಆಗಲಿಲ್ಲ. ಪಾರ್ಕಿನಲ್ಲಿ ರೈಲು ನಿಂತಿತು, ಮಕ್ಕಳು ಹಾರಿ ನಿಂಬೆ ಪಾನಕದ ಮೇಜಿಗೆ ಓಡಿದರು. ನಾನೂ ಕೊರಿನ್‌ಳಿಗೊಂದು ಲೋಟ ಹಿಡಿದು ತಿರುಗಿದೆ. ಡೆಲ್ಬರ್ಟ್ ಮೊದಲ ಡ್ರಮ್ಮಿನಿಂದ ಹಿಡಿದು ಒಂದೊಂದಕ್ಕೂ ಬಗ್ಗಿ ಕೈಯಾಡಿಸುತ್ತಾ ಬರುತ್ತಿದ್ದ. ಎಲ್ಲ ಖಾಲಿ. ಕೊನೆಯದಕ್ಕೆ ಇಳಿದ ಕೈ ಅಲ್ಲೇ ನಿಂತಿತು.

ನನ್ನ ಮೊಮ್ಮಗಳು ಇಳಿದಿರಲಿಲ್ಲ. ಆಟಕ್ಕೆಂದು ತಳದಲ್ಲಿ ಮುದುಡಿ ಅಡಗಿದ್ದಳು. ಡೆಲ್ಬರ್ಟನ ಮುಖದಲ್ಲಿ ರಕ್ತವೇ ಉಳಿದಿರಲಿಲ್ಲ. ಅವಳನ್ನು ಕಂಕುಳಲ್ಲಿ ಹಿಡಿದು ಮೇಲಕ್ಕೆತ್ತಿ ಎದೆಗೆ ಒತ್ತಿಕೊಂಡ.

"ಸಿಕ್ಕಿಬಿದ್ದೆ" ಎಂದು ಕೊರಿನ್ ನಕ್ಕಳು. ಸ್ವಲ್ಪ ಹೊತ್ತಿನ ಮೇಲೆ, "ಇಳಿಸು ತಾತ, ಪಾನಕ ಖಾಲಿಯಾಗುತ್ತೆ" ಎಂದಳು.

ಅವನು ಇಳಿಸಲಿಲ್ಲ. ಆರ್ಡಿಸ್ ಹತ್ತಿರ ಬಂದು ತೋಳು ಹಿಡಿದಾಗ ಅವಳಿಗೆ ಮಾತ್ರ ಹೇಳುವಂತೆ, "ಸಿಕ್ಲು ಕಣೇ. ಈ ಸಲ ಸಿಕ್ಲು" ಎಂದ.