ಅರವತ್ತೆರಡಕ್ಕೆ ನಿಂತ ಅಪ್‌ಡೇಟ್

ಬಾದಾಮಿ ಬಸ್ ನಿಲ್ದಾಣದಲ್ಲಿ ಒಮ್ಮೆ ಒಬ್ಬ ಹೆಂಗಸು ನನ್ನ ಮುಂದೆ ನಿಂತಿದ್ದಳು. ಅವಳ ಸೀರೆಯ ದಡಿಯಲ್ಲಿ ಜೋಳದ ತೆನೆಯಂತಹ ಒಂದು ಸಾಲು, ಅದರ ಪಕ್ಕ ಚಿಕ್ಕಿಗಳ ಎರಡು ಸಾಲು. ಅದು ನನ್ನ ತಂಗಿ ಬರೆದ ನಕ್ಷೆ. ಬಸ್ಸು ಬರುವವರೆಗೆ ಆ ದಡಿಯನ್ನೇ ನೋಡಿದೆ. ಅವಳಿಗೆ ಹೇಳಲಿಲ್ಲ. ಹೇಳಿದ್ದರೆ ಏನು ತಿಳಿದುಕೊಳ್ಳುತ್ತಿದ್ದಳೋ.

ನಾನು ಬಾಗಲಕೋಟೆಯಲ್ಲಿ ದಿನಪತ್ರಿಕೆಯೊಂದರ ವರದಿಗಾರ. ತಂಗಿ ಇಳಕಲ್‌ನಲ್ಲಿ, ನಾವು ಬೆಳೆದ ನೇಕಾರ ಮನೆಯಲ್ಲಿ, ಅವ್ವನ ಜೊತೆ ಇದ್ದಾಳೆ. ಅವ್ವ ಇಂದಿಗೂ ಕುಣಿಮಗ್ಗಕ್ಕೆ ಇಳಿದು ಕೂಡುತ್ತಾಳೆ. ತಂಗಿ ಓದಿದ್ದು ಹತ್ತನೆಯವರೆಗೆ. ಹಳೆಯ ಸೀರೆಗಳ ದಡಿಗಳನ್ನು ಮನೆಮನೆಗೆ ಹೋಗಿ ನೋಡಿ, ಎಳೆ ಎಣಿಸಿ, ಚೌಕಳಿ ಹಾಳೆಯಲ್ಲಿ ಬರೆದುಕೊಂಡು ಬರುತ್ತಿದ್ದಳು. ಕಮತಗಿಯ ಒಬ್ಬ ಅಜ್ಜಿ ಟ್ರಂಕಿನ ತಳದಿಂದ ತೆಗೆದುಕೊಟ್ಟ ಸೀರೆಯ ದಡಿಯನ್ನು ಬರೆಯಲು ಮೂರು ದಿನ ಓಡಾಡಿದ್ದಳು. ಆಮೇಲೆ ಒಂದು ಲ್ಯಾಪ್‌ಟಾಪ್ ಕೊಂಡು, ನೇಯ್ಗೆಯ ನಕ್ಷೆ ಬರೆಯುವ ತಂತ್ರಾಂಶ ಹಾಕಿಸಿಕೊಂಡು, ತಾನೇ ಕಲಿತಳು. ಈಗ ಅವಳ ನಕ್ಷೆ ನೋಡಿ ನೇಯುವ ಮಗ್ಗಗಳು ಊರಿನ ಹಲವು ಓಣಿಗಳಲ್ಲಿವೆ.

ಕಳೆದ ವರ್ಷ ಆ ತಂತ್ರಾಂಶವನ್ನು ತೆರೆದಾಗಲೆಲ್ಲ ಒಂದು ಸೂಚನೆ ಬರತೊಡಗಿತು. ಮುಂದಿನ ತಿಂಗಳಿಂದ ಲ್ಯಾಪ್‌ಟಾಪ್‌ನ ಹಳೆಯ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಅದು ತೆರೆಯುವುದಿಲ್ಲ, ಆ ಸಿಸ್ಟಮ್ಮನ್ನು ಹೊಸ ಆವೃತ್ತಿಗೆ ಅಪ್‌ಡೇಟ್ ಮಾಡಿಕೊಳ್ಳಬೇಕು ಎಂದು. ತಂಗಿ ಅಪ್‌ಡೇಟ್‌ಗೆ ಒತ್ತಿದಳು. ಅರವತ್ತಮೂರು ಪರ್ಸೆಂಟ್‌ಗೆ ಹೋಗಿ ಲ್ಯಾಪ್‌ಟಾಪ್ ತಾನಾಗಿಯೇ ಆರಿತು. ಮತ್ತೆ ಹಚ್ಚಿದರೆ, ಮಾಡಿದ ಬದಲಾವಣೆಗಳನ್ನೆಲ್ಲ ವಾಪಸು ತೆಗೆಯುತ್ತಿದ್ದೇನೆ ಎಂದು ತೋರಿಸಿ, ಹಳೆಯ ಆವೃತ್ತಿಗೇ ಬಂದು ನಿಂತಿತು.

ಹುನಗುಂದದ ಒಂದು ರಿಪೇರಿ ಅಂಗಡಿಗೆ ಒಯ್ದಳು. ಅಲ್ಲಿಯವನು ಲ್ಯಾಪ್‌ಟಾಪ್ ತೆರೆದು ನೋಡಿ, "ಇದು ಹಿಂಗ ಆಗೂದಿಲ್ರಿ ಅಕ್ಕಾರ. ಫಾರ್ಮ್ಯಾಟ್ ಮಾಡಿಬಿಡೂಣು, ಎಲ್ಲಾ ಹೊಸದಾಗಿ ಹಾಕಿಕೊಡ್ತೇನಿ," ಎಂದ.

"ನನ್ನ ನಕ್ಷಾದ ಸಾಫ್ಟ್‌ವೇರ್?"

"ಅದರ ಲೈಸೆನ್ಸ್ ಕೀ ಐತೇನ್ರಿ ನಿಮ್ಮ ಕಡೆ?"

ಇರಲಿಲ್ಲ. ಅದನ್ನು ಹಾಕಿಕೊಟ್ಟವರು ಅಂಗಡಿ ಮುಚ್ಚಿ ಊರು ಬಿಟ್ಟು ಬಹಳ ದಿನವಾಗಿತ್ತು. ನಕ್ಷೆಗಳ ಪ್ರತಿ ಪೆನ್ ಡ್ರೈವ್‌ನಲ್ಲಿತ್ತು, ಆದರೆ ಅವುಗಳನ್ನು ತೆರೆಯುವ ತಂತ್ರಾಂಶ ಆ ಒಂದು ಲ್ಯಾಪ್‌ಟಾಪ್‌ನಲ್ಲಿ ಮಾತ್ರ. ಅದು ಅಳಿಸಿ ಹೋದರೆ ಎಣಿಸಿ ಎಣಿಸಿ ಬರೆದ ದಡಿಗಳೆಲ್ಲ ಇದ್ದೂ ಇಲ್ಲದಂತೆ.

"ಬ್ಯಾಡ್ರಿ," ಎಂದು ತಂಗಿ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಬಂದಳು. ಬಸ್ಸಿನಿಂದಲೇ ನನಗೆ ಫೋನು ಮಾಡಿದಳು. "ಒಂದ್ ಎಳಿ ಹರದೈತಿ ಅಂತ ಮಗ್ಗದ ಮ್ಯಾಲಿನ ಹಾಸೆಲ್ಲಾ ಕತ್ತರಿಸಿ ಒಗಿ ಅಂತಾನ. ಎಲ್ಲಿ ಹರದೈತಿ ಅಂತ ಹುಡುಕೂದಿಲ್ಲೇನ ಮೊದಲ?"

ನನಗೆ ಕಂಪ್ಯೂಟರಿನ ಒಳಗಿನದು ತಿಳಿಯದು. ತಿಳಿದಿದ್ದನ್ನು ಹೇಳಿದೆ. "ಒಂದು ನೋಟ್‌ಬುಕ್ ಇಡು. ಎಷ್ಟೊತ್ತಿಗೆ ಹಚ್ಚಿದಿ, ಎಷ್ಟೊತ್ತಿಗೆ ಎಷ್ಟು ಪರ್ಸೆಂಟ್ ಇತ್ತು, ಏನು ಬದಲು ಮಾಡಿದ್ದಿ, ಬರಿ. ನಿನಗ ಹಿಂಗ ಅನಿಸ್ತು ಅನ್ನೂದನ್ನ ಬರೀಬ್ಯಾಡ. ಕಂಡದ್ದಷ್ಟ ಬರಿ." ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ಹೀಗೆಯೇ ಕಲಿಸಿದ್ದರು.

ಅವಳು ಬರೆದಳು. ಎರಡನೆಯ ಸಲ, ಡಿಸ್ಕ್‌ನಲ್ಲಿ ಜಾಗ ಮಾಡಲು ಫೋಟೊಗಳನ್ನೆಲ್ಲ ತೆಗೆದು ಹಚ್ಚಿದಳು, ಅರವತ್ತೊಂದಕ್ಕೆ ಆರಿತು. ಮೂರನೆಯ ಸಲ, ಪ್ರಿಂಟರು, ಮೌಸು ಎಲ್ಲ ಬಿಚ್ಚಿದಳು, ಎಂಬತ್ತೆಂಟಕ್ಕೆ ಹೋಯಿತು. ಬಹಳ ಖುಷಿಯಿಂದ ನನಗೆ ಫೋನು ಮಾಡಿದ್ದಳು. ನಾಲ್ಕನೆಯ ಸಲ, ಅವುಗಳ ಜೊತೆ ಆಂಟಿವೈರಸ್ಸನ್ನೂ ತೆಗೆದಳು, ಮತ್ತೆ ಅರವತ್ತನಾಲ್ಕು.

ತಿಂಗಳು ಮುಗಿಯಲು ನಾಲ್ಕು ದಿನ ಉಳಿದಿದ್ದಾಗ ಒಂದು ಭಾನುವಾರ ಬೆಳಿಗ್ಗೆ ನಾನೇ ಇಳಕಲ್‌ಗೆ ಹೋದೆ. ಐದನೆಯ ಸಲ ನನ್ನೆದುರಿಗೇ ಹಚ್ಚಿದಳು. ಲ್ಯಾಪ್‌ಟಾಪ್ ಮಗ್ಗದ ಕೋಣೆಯ ಮೂಲೆಯಲ್ಲಿ, ಮಣೆಯ ಮೇಲಿತ್ತು. ಮಗ್ಗಕ್ಕೆ ವಿಭೂತಿ ಹಚ್ಚುವಾಗ ಅವ್ವ ಅದಕ್ಕೂ ಎಳೆದ ಮೂರು ಗೆರೆ ಮುಚ್ಚಳದ ಮೇಲಿದ್ದವು. ನಾವು ರೊಟ್ಟಿ ತಿನ್ನುತ್ತ ಕುಳಿತೆವು. ತಂಗಿ ನಡುನಡುವೆ ಎದ್ದು ಹೋಗಿ ಅದರ ಮೇಲಿದ್ದ ಅರಿವಿಯ ತುದಿ ಎತ್ತಿ ನೋಡಿ ಬಂದು ಹೇಳುತ್ತಿದ್ದಳು, ನಾನು ಬರೆಯುತ್ತಿದ್ದೆ. ಇಪ್ಪತ್ತು. ಮೂವತ್ತೇಳು. ಐವತ್ತು. ಒಮ್ಮೆ ನಾನೂ ಹೋಗಿ ತುದಿ ಎತ್ತಿ ನೋಡಿದೆ: ಐವತ್ತೊಂಬತ್ತು. ಅರವತ್ತೆರಡಕ್ಕೆ ಆರಿತು.

"ಪೇಪರಿನವರು ಬಂದ್ರೂ ಅದಕ್ಕೇನ್ ಅಂಜಿಕಿ ಇಲ್ಲ," ಎಂದಳು ಅವ್ವ, ಮಗ್ಗದ ಕುಣಿಯಿಂದಲೇ.

ತಂಗಿ ನಗಲಿಲ್ಲ. ನೋಟ್‌ಬುಕ್ ಎತ್ತಿಕೊಂಡು ಗೋಡೆಗೆ ಒರಗಿ ಕುಳಿತಳು. ದಡಿ ನೋಡುವಾಗ ಅವಳು ಹೀಗೆಯೇ ಕೂಡುವುದು: ಇಡೀ ಸಾಲನ್ನು ಬಿಟ್ಟು ಎಲ್ಲಿ ಎಣಿಕೆ ತಪ್ಪಿದೆಯೋ ಅಲ್ಲಿಯೇ ನಿಲ್ಲುತ್ತಾಳೆ.

"ಅಣ್ಣಾ, ನಾಲ್ಕು ಸಲಾನೂ ಅರವತ್ತರ ಆಚಿಗೆ ಈಚಿಗೆ. ಮೂರನೇದ್ದು ಒಂದ ಎಂಬತ್ತೆಂಟು. ಅದ ಯಾಕ?"

"ಪ್ರಿಂಟರ್ ಬಿಚ್ಚಿದ್ದಿ."

"ನಾಕನೇ ಸಲಾನೂ ಬಿಚ್ಚಿದ್ದೆ. ಇವತ್ತೂ ಬಿಚ್ಚೇನಿ." ಮೂರನೆಯ ಸಲದ ಸಾಲಿನ ಮೇಲೆ ಬೆರಳಿಟ್ಟಳು. "ಯವ್ವಾ, ಮೂರನೇ ಸಲಾ ಅಂದ್ರ ಬುಧವಾರ. ಬುಧವಾರ ನೀ ಎಲ್ಲಿದ್ದಿ?"

"ಬಾದಾಮಿಗೆ ಕುಬಸದ ಕಾರ್ಯಕ್ಕ ಹೋಗಿದ್ನೆಲ್ಲ. ಸಂಜೀಕ ಬಂದೆ."

"ಬಂದು ಏನ್ ಮಾಡಿದಿ?"

"ಏನ್ ಮಾಡ್ತಾರ? ಕೈಕಾಲ್ ತೊಳಕೊಂಡೆ. ನಿನ್ನ ಪೆಟಿಗಿ ಹಂಗ ಬಾಯಿ ತಕ್ಕೊಂಡು ಕುಂತಿತ್ತು. ಅರಿವಿ ಹೊದಿಸಿದೆ."

ತಂಗಿ ಲ್ಯಾಪ್‌ಟಾಪ್ ಕಡೆ ನೋಡಿದಳು. ನಾನೂ ನೋಡಿದೆ. ಅದರ ಮೇಲೆ ನಾಲ್ಕು ಮಡಿಕೆ ಮಾಡಿದ ಹಳೆಯ ಸೀರೆ ಇನ್ನೂ ಹೊದಿಸಿದಂತೆಯೇ ಇತ್ತು.

ನಮ್ಮ ಮನೆಯಲ್ಲಿ ಮಗ್ಗದಿಂದ ಏಳುವವರು ನೇಯ್ದ ಅರಿವಿಯ ಮೇಲೆ ಇನ್ನೊಂದು ಅರಿವಿ ಹೊದಿಸಿಯೇ ಏಳುತ್ತಾರೆ. ನೂಲಿನ ದೂಳು ಕೂಡಬಾರದೆಂದು. ಟಿವಿ, ಮಿಕ್ಸರ್, ಹೊಲಿಗೆ ಯಂತ್ರ, ಎಲ್ಲಕ್ಕೂ ಒಂದೊಂದು ಹೊದಿಕೆ. ಹಚ್ಚಿಟ್ಟು ಬಿಟ್ಟುಹೋದ ಲ್ಯಾಪ್‌ಟಾಪ್‌ಗೂ ಅವ್ವ ಪ್ರತಿ ಸಲ ಹೊದಿಸಿದ್ದಳು. ಒಳಗಿನ ಬಿಸಿ ಹೊರಗೆ ಹೋಗಲು ದಾರಿಯಿಲ್ಲದೆ, ಸುಟ್ಟುಹೋಗಬಾರದೆಂದು ಅದು ತಾನಾಗಿಯೇ ಆರುತ್ತಿತ್ತು. ಬುಧವಾರ ಅವ್ವನ ಬಸ್ಸು ಇನ್ನರ್ಧ ತಾಸು ತಡವಾಗಿದ್ದರೆ ಅಪ್‌ಡೇಟ್ ಮುಗಿದೇ ಹೋಗುತ್ತಿತ್ತು.

ಇದನ್ನು ನಾನು ಬರೆದಿರಲಿಲ್ಲ. ಆ ಬೆಳಿಗ್ಗೆ ಅವ್ವ ಹೊದಿಸುವುದನ್ನು ಕಂಡಿದ್ದೆ, ಅದರ ತುದಿಯನ್ನು ನನ್ನ ಕೈಯಿಂದಲೇ ಎತ್ತಿದ್ದೆ. ಬೇರೆಯವರ ಮನೆಯಾಗಿದ್ದರೆ ಮೊದಲ ಸಾಲಿಗೇ ಬರೆದುಕೊಳ್ಳುತ್ತಿದ್ದೆ.

"ಹೊದಿಸಬಾರದು ಅಂತ ನನಗ ಯಾರ್ ಹೇಳಿದ್ರಿ?" ಅವ್ವ ನೇರ ನನ್ನನ್ನೇ ಕೇಳಿದಳು. "ಊರಾಗಿನ ಸುದ್ದಿ ಎಲ್ಲಾ ಕಾಣ್ತೈತಿ ನಿನಗ. ಮುಂದಿಂದು ಕಾಣಸೂದಿಲ್ಲ."

ತಂಗಿ ಲ್ಯಾಪ್‌ಟಾಪನ್ನು ಬೋರಲು ಹಾಕಿ ತಳದ ಸ್ಕ್ರೂಗಳನ್ನು ಬಿಚ್ಚಿದಳು. ಯಾವ ಸ್ಕ್ರೂ ಎಲ್ಲಿಯದು ಎಂದು ಮರೆಯದಂತೆ ಚೌಕಳಿ ಹಾಳೆಯ ಮೇಲೆ ಅವುಗಳ ಜಾಗದಲ್ಲೇ ಇಟ್ಟಳು. ಒಳಗೆ ಫ್ಯಾನಿನ ಜಾಲರಿಗೆ ನೂಲಿನ ದೂಳು ಹಾಸಿಗೆಯಂತೆ ಗಟ್ಟಿಯಾಗಿ ಕೂತಿತ್ತು. ನಡುವೆ ಕೆಂಪು ರೇಷ್ಮೆಯ ಒಂದು ಎಳೆ. ಕುಂಚಕ್ಕೆ ಅದು ಬರಲಿಲ್ಲ. ಅವ್ವ ಕುಣಿಯಿಂದ ಎದ್ದು ಬಂದಳು. ಸೆರಗಿನ ಹಾಸಿನ ಎಳೆಗಳನ್ನು ಒಡಲಿನ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕಿ ಸೇರಿಸುವ ಬೆರಳು ಅವು. ಫ್ಯಾನಿನ ರೆಕ್ಕೆಗೆ ತಾಗದಂತೆ, ಉಸಿರು ಹಿಡಿದು, ಆ ಕೆಂಪು ಎಳೆಯನ್ನು ತುಂಡಾಗದೆ ಇಡಿಯಾಗಿ ಎಳೆದು ತೆಗೆದಳು. ಅದನ್ನು ಒಗೆಯಲಿಲ್ಲ. ನೋಡಿ, ಬೆರಳಿಗೆ ಸುತ್ತಿಕೊಂಡಳು.

ಆರನೆಯ ಸಲ. ತಳದಲ್ಲಿ ಗಾಳಿ ಆಡಲೆಂದು ತಂಗಿ ಎರಡು ಹಳೆಯ ಲಾಳಿಗಳನ್ನಿಟ್ಟು ಅವುಗಳ ಮೇಲೆ ಲ್ಯಾಪ್‌ಟಾಪ್ ಇಟ್ಟಳು. ಅವ್ವ ಮಡಚಿದ ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು ಎದುರಿಗೇ ಕುಳಿತಳು. ಐವತ್ತೊಂಬತ್ತು, ಅರವತ್ತೆರಡು, ಅರವತ್ತೈದು. ಎಂಬತ್ತೆಂಟರ ಮೇಲೆ ಬಹಳ ಹೊತ್ತು ನಿಂತಿತು. ಆಮೇಲೆ ಎಂಬತ್ತೊಂಬತ್ತು. ನೂರಾಗಿ, ಎರಡು ಸಲ ಆರಿ ಹತ್ತಿ, ಹೊಸ ಪರದೆ ಬಂದಾಗ ಸಂಜೆ ಐದೂವರೆ.

ತಂಗಿ ನಕ್ಷೆಯ ತಂತ್ರಾಂಶ ಒತ್ತಿದಳು. ತೆರೆಯಿತು. ಕಮತಗಿಯ ಅಜ್ಜಿಯ ದಡಿ, ಚೌಕ ಚೌಕವಾಗಿ, ಒಂದು ಎಳೆಯೂ ತಪ್ಪದೆ ಮೂಡಿತು. ಅವಳು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಎಣಿಸಿಯೇ ತಲೆಯೆತ್ತಿದಳು.

ನೋಟ್‌ಬುಕ್ಕಿನಲ್ಲಿ ಕೊನೆಯ ಸಾಲನ್ನು ಅವಳೇ ಬರೆದಳು: "ಆರನೇ ಸಲ. ಅರಿವಿ ಇಲ್ಲ. ನೂರು." ಅದರ ಮೇಲೆ, ನನ್ನ ಅಕ್ಷರದಲ್ಲಿದ್ದ ಐದನೆಯ ಸಲದ ಸಾಲಿನ ಪಕ್ಕ, "ಅರಿವಿ ಇತ್ತು" ಎಂದು ಸೇರಿಸಿ ಪೆನ್ನನ್ನು ನನ್ನ ಕೈಗೆ ಕೊಟ್ಟಳು. ಪತ್ರಿಕೆಯಲ್ಲಾದರೆ ಅದು ಮರುದಿನ ಹಾಕುವ ತಿದ್ದುಪಡಿ. ನಾನು ಅದರ ಕೆಳಗೆ ಸಹಿ ಮಾಡಿದೆ. ಇಷ್ಟು ವರ್ಷಗಳಲ್ಲಿ ಹಾಕಿದ ಯಾವ ತಿದ್ದುಪಡಿಗೂ ನನಗೆ ಅಷ್ಟು ಹೆಮ್ಮೆಯಾಗಿಲ್ಲ.

ತಂಗಿ ಲ್ಯಾಪ್‌ಟಾಪ್ ಆರಿಸಿ ಮುಚ್ಚಿದಳು. ಅವ್ವ ಇನ್ನೂ ಸೀರೆ ಹಿಡಿದುಕೊಂಡೇ ಇದ್ದಳು.

"ಈಗರ ಹೊದಿಸಲೇನವಾ?"

ತಂಗಿ ತಳಕ್ಕೆ ಅಂಗೈ ಹಚ್ಚಿ ನೋಡಿದಳು. "ಒಂದೀಟು ತಡಿ," ಎಂದಳು. ಬಿಸಿ ಆರುವವರೆಗೆ ಕಾದು, ಮತ್ತೆ ಮುಟ್ಟಿ ನೋಡಿ, "ಹಾಂ, ಈಗ ಹೊದಸು," ಎಂದಳು.